ಹಡಗು ಹತ್ತುವ ಮುಂಚೆ ಕೇಳಿದ್ದು ಒಳ್ಳೇದಾಯ್ತು

ತಮ್ಮಾ,

ನಿನ್ನ ಸಂದೇಶ ಬಂದಾಗ ಸಕಲೇಶಪುರದ ಹತ್ತಿರ ನಮ್ಮ ಮನೆ ಕಣದಲ್ಲಿ ಅಪ್ಪನ ಜೊತೆ ಕಾಫಿ ಕೈಯಾಡಿಸ್ತಾ ಇದ್ದೆ. ರಜೆ ಹಾಕಿ ಕುಯ್ಲಿಗೆ ಅಂತಲೇ ಬಂದಿದೀನಿ. ಅದಕ್ಕೇ ಉತ್ತರ ಮೂರು ದಿನ ತಡ.

ಹಾಸನದಲ್ಲಿ ಎಂ.ಎಸ್ಸಿ ಕೆಮಿಸ್ಟ್ರಿ ಮುಗಿಸಿ, ಬೆಂಗಳೂರಿನ ಔಷಧ ಕಂಪನಿಯ ಕ್ಯೂಸಿ (ಗುಣಮಟ್ಟ ಪರೀಕ್ಷೆ) ಲ್ಯಾಬಲ್ಲಿ ಮೂರು ವರ್ಷ ದುಡಿದು, ಪಿಆರ್ (ಕಾಯಂ ವಾಸದ ಅನುಮತಿ) ಸಿಕ್ಕಿ ಕೆನಡಾದ ವಿಕ್ಟೋರಿಯಾಕ್ಕೆ ಬಂದು ಎರಡು ತಿಂಗಳಾಯ್ತು ಅಂದೆ. ಸಮುದ್ರದ ನೀರು ಪರೀಕ್ಷೆ ಮಾಡೋ ಸರ್ಕಾರಿ ಕೆಲಸ ಅಂದರೆ ನಿಜವಾಗಿ ಏನು, ನನ್ನಂಥವನಿಗೆ ಸಿಗುತ್ತಾ, ಅಲ್ಲಿ ಬದುಕು ಹೇಗಿದೆ ಅಕ್ಕ ಅಂತ ಕೇಳಿದೀಯ. ಬಂದ ಹೊಸದರಲ್ಲಿ ನನಗೆ ಹೀಗೆ ಕೇಳೋಕೆ ಯಾರೂ ಸಿಕ್ಕಿರಲಿಲ್ಲ. ಅದಕ್ಕೇ ಉದ್ದ ಬರೀತಿದೀನಿ.

ಮೊದಲು ಕೆಲಸದ ವಿಷಯ. ವಿಕ್ಟೋರಿಯಾದ ಪಕ್ಕದ ಸಿಡ್ನಿ (ಆಸ್ಟ್ರೇಲಿಯಾದ್ದಲ್ಲ) ಊರಲ್ಲಿ, ನಾನಿರೋ ಸರ್ಕಾರಿ ಸಾಗರ ವಿಜ್ಞಾನ ಸಂಸ್ಥೆಯವರು ‘ಲೈನ್ ಪಿ’ ಅಂತ ಒಂದು ಮಾಪನ ನಡೆಸ್ತಾರೆ. ಹ್ವಾನ್ ಡಿ ಫ್ಯೂಕಾ ಜಲಸಂಧಿಯ ಬಾಯಿಂದ ಹೊರಟು ಪೆಸಿಫಿಕ್‌ನ ಒಳಗೆ ಸುಮಾರು 1400 ಕಿ.ಮೀ. ದೂರದ ‘ಪಾಪಾ’ ಅನ್ನೋ ಜಾಗದವರೆಗೆ 26 ನಿಲ್ದಾಣ. ಪಾಪಾ ಇರೋದು ಉತ್ತರ ಅಕ್ಷಾಂಶ 50 ಡಿಗ್ರಿ, ಪಶ್ಚಿಮ ರೇಖಾಂಶ 145 ಡಿಗ್ರಿಯಲ್ಲಿ. ನಿಲ್ದಾಣ ಅಂದರೆ ಅಲ್ಲಿ ಏನೂ ಇರಲ್ಲ, ಬರೀ ನೀರು. ಮೊದಲು ಪಾಪಾದಲ್ಲಿ ಹವಾಮಾನ ನೋಡೋ ಹಡಗು ನಿಂತಿರುತ್ತಿತ್ತು. 1956ರಿಂದ ಅದರ ಮೇಲಿದ್ದವರೇ ಸಮುದ್ರದ ಅಳತೆಗಳನ್ನೂ ತಗೋತಿದ್ದರು. 1981ರಲ್ಲಿ ಆ ಹಡಗು ನಿಂತಿತು, ಅಳತೆ ನಿಲ್ಲಲಿಲ್ಲ. ಈಗಲೂ ಸಾಮಾನ್ಯವಾಗಿ ವರ್ಷಕ್ಕೆ ಮೂರು ಸಲ ಹೋಗ್ತಾರೆ, ಚಳಿಗಾಲದ ಫೆಬ್ರುವರಿಯಲ್ಲೂ.

ಹಡಗು ನಿಂತ ಮೇಲೆ ರೋಸೆಟ್ ಇಳಿಸ್ತೀವಿ. ಅದೊಂದು ದೊಡ್ಡ ಚೌಕಟ್ಟು. ಸುತ್ತಲೂ ಹತ್ತು ಲೀಟರಿನ ನಿಸ್ಕಿನ್ ಬಾಟಲಿಗಳು, ಮಧ್ಯೆ ಲವಣಾಂಶ, ಉಷ್ಣತೆ, ಆಳ ಅಳೆಯೋ ಸಿಟಿಡಿ ಅನ್ನೋ ಉಪಕರಣ. ಪಾಪಾದಲ್ಲಿ ನೆಲ ನಾಲ್ಕು ಸಾವಿರ ಮೀಟರಿಗೂ ಕೆಳಗಿದೆ. ಅದನ್ನ ಇಳಿಸೋ ವಿಂಚು ನಿಮಿಷಕ್ಕೆ ಸುಮಾರು 60 ಮೀಟರ್ ತಂತಿ ಬಿಡುತ್ತೆ ಅಂದುಕೋ, ಇಳಿಯೋಕೇ ಒಂದು ಗಂಟೆ ಮೇಲೆ. ಹತ್ತುವಾಗ ಬೇಕಾದ ಆಳಗಳಲ್ಲಿ ನಿಲ್ಲಿಸಿ ಒಂದೊಂದೇ ಬಾಟಲಿ ಮುಚ್ಚಿಸ್ತೀವಿ. ಡೆಕ್ಕಿಗೆ ಬಂದ ಬಾಟಲಿ ಮುಟ್ಟಿದರೆ ಫ್ರಿಜ್ಜಿಂದ ತೆಗೆದ ಹಾಗೆ ಕೈ ಕೊರೆಯುತ್ತೆ, ಆಳದ ನೀರು ಎರಡು ಡಿಗ್ರಿಗಿಂತ ಕಡಿಮೆ.

ಅಲ್ಲಿಂದ ನಮ್ಮ ಕೆಲಸ ಶುರು. ಮೊದಲ ಸರದಿ ಯಾವಾಗಲೂ ಗಾಳಿ ಕರಗಿರೋ ಮಾದರಿಗಳದು, ಯಾಕಂದರೆ ನಲ್ಲಿ ತಿರುಗಿಸಿದ ಕ್ಷಣದಿಂದ ಬಾಟಲಿ ಒಳಗೆ ಹೊರಗಿನ ಗಾಳಿ ಸೇರ್ತಾ ಹೋಗುತ್ತೆ. ಆಮ್ಲಜನಕ, ಆಮೇಲೆ ಇಂಗಾಲ, ಆಮೇಲೆ ನೈಟ್ರೇಟ್, ಫಾಸ್ಫೇಟ್, ಸಿಲಿಕೇಟ್, ಕೊನೆಗೆ ಉಪ್ಪು. ಇಂಗಾಲದ ಬಾಟಲಿಗೆ ಒಂದು ತೊಟ್ಟು ಮರ್ಕ್ಯುರಿಕ್ ಕ್ಲೋರೈಡ್ ಹಾಕಿ ಒಳಗಿನ ಜೀವವನ್ನೆಲ್ಲ ಕೊಲ್ಲಬೇಕು. ಇಲ್ಲದಿದ್ದರೆ ಅವು ಉಸಿರಾಡಿ ಲೆಕ್ಕ ಕೆಡಿಸ್ತವೆ.

ಆಮ್ಲಜನಕದ ಕೆಲಸ ನನಗೆ ಪ್ರಾಣ. ವಿಂಕ್ಲರ್ 1888ರಲ್ಲಿ ಹೇಳಿಕೊಟ್ಟ ವಿಧಾನವನ್ನೇ ಇವತ್ತಿಗೂ ಮಾಡ್ತೀವಿ, ನೀನೂ ಕಾಲೇಜಲ್ಲಿ ಮಾಡಿರ್ತೀಯ. ರಬ್ಬರ್ ಕೊಳವೆಯನ್ನು ಫ್ಲಾಸ್ಕಿನ ತಳಕ್ಕೆ ಮುಟ್ಟಿಸಿ, ನೀರು ಮೂರು ಪಟ್ಟು ಉಕ್ಕಿ ಹರಿಯೋವರೆಗೆ ಬಿಟ್ಟು, ಒಂದು ಗುಳ್ಳೆಯೂ ಉಳಿಯದ ಹಾಗೆ ಮ್ಯಾಂಗನೀಸ್ ಕ್ಲೋರೈಡ್, ಆಮೇಲೆ ಕ್ಷಾರದ ಅಯೊಡೈಡ್ ಹಾಕಿ, ಬಿರಡೆ ಒತ್ತಿ ಅಲ್ಲಾಡಿಸಬೇಕು. ಆಮ್ಲಜನಕ ಇದ್ದಷ್ಟೂ ಬಣ್ಣ ಗಾಢ. ಮೇಲಿನ ನೀರಾದರೆ ಒಳ್ಳೆ ಕಂದು ಬಣ್ಣದ ಗಷ್ಟು ಕೂರುತ್ತೆ. ಸಾವಿರ ಮೀಟರ್ ಆಳದ್ದಾದರೆ ಹಾಲು ಜಾಸ್ತಿಯಾದ ಕಾಫಿಯಷ್ಟೂ ಬಣ್ಣ ಬರಲ್ಲ, ಬೆಳ್ಳಗೆ ಕೆನೆ ಥರ. ಅಲ್ಲಿ ಉಸಿರು ತೀರಾ ಕಡಿಮೆ ಅಂತ ಯಂತ್ರ ಹೇಳೋ ಮುಂಚೆ ಕಣ್ಣಿಗೇ ಕಾಣುತ್ತೆ. ಮೊದಲ ಸಲ ಆ ಫ್ಲಾಸ್ಕುಗಳನ್ನು ಸಾಲಾಗಿ ಇಟ್ಟು ನೋಡಿದ ರಾತ್ರಿ ನಾನು ಮಾತಾಡದೆ ನಿಂತುಬಿಟ್ಟಿದ್ದೆ.

ಇದೇ ಫ್ಲಾಸ್ಕುಗಳ ಲೆಕ್ಕದಿಂದಲೇ 1956ರಿಂದ 2006ರವರೆಗಿನ 50 ವರ್ಷದಲ್ಲಿ ಪಾಪಾದ ಸುತ್ತ 100ರಿಂದ 400 ಮೀಟರ್ ಆಳದ ನೀರು ತನ್ನ ಆಮ್ಲಜನಕದಲ್ಲಿ ಶೇ. 22ರಷ್ಟು ಕಳೆದುಕೊಂಡಿದೆ ಅಂತ ಗೊತ್ತಾಗಿದ್ದು. ಮೇಲಿನ ನೀರು ಬೆಚ್ಚಗಾಗಿ ಹಗುರಾದರೆ ಕೆಳಗಿನದರ ಜೊತೆ ಕಲೆಯೋದು ಕಡಿಮೆ, ಗಾಳಿ ಕೆಳಕ್ಕಿಳಿಯೋದೂ ಕಡಿಮೆ. ಒಂದು ಸಲದ ಯಾನದಲ್ಲಿ ಇದು ಯಾರ ಕಣ್ಣಿಗೂ ಬೀಳಲ್ಲ. ಯಾರೋ ಹೆಸರಿಲ್ಲದ ಟೆಕ್ನೀಷಿಯನ್ 1960ರ ದಶಕದಲ್ಲಿ ಅಲೆ ಮೇಲೆ ನಿಂತು ಸರಿಯಾಗಿ ತುಂಬಿಸಿದ ಫ್ಲಾಸ್ಕು ಇಲ್ಲದಿದ್ದರೆ ಇವತ್ತಿನದಕ್ಕೆ ಹೋಲಿಕೆಯೇ ಇರುತ್ತಿರಲಿಲ್ಲ.

ತೋಟದ ಕಡೆಯವರು ನಿನ್ನ ಸ್ನೇಹಿತರಲ್ಲಿ ಇದ್ದರೆ ಕೇಳಿ ನೋಡು, ಪ್ರತಿ ಮನೆಯಲ್ಲೂ ಮಳೆ ಅಳತೆ ಪುಸ್ತಕ ಇರುತ್ತೆ. ನಮ್ಮ ಅಜ್ಜ ದಿನಾ ಬೆಳಿಗ್ಗೆ ಅಂಗಳದ ಮಾಪಕ ತೆಗೆದು ಇಂಚು, ಸೆಂಟು ಅಂತ ಬರೆಯೋರು. ಆರಿದ್ರಾ ಮಳೆ ಹೇಗೆ ಹೊಡೆದರೂ ಕಂಬಳಿ ಕೊಪ್ಪೆ ಹಾಕ್ಕೊಂಡು ಹೋಗೋರು. ಒಮ್ಮೆ ಮದುವೆಗೆ ಅರಸೀಕೆರೆಗೆ ಹೋಗಿ ಎರಡು ದಿನ ಬಿಟ್ಟುಹೋಯಿತು. ಪಕ್ಕದ ತೋಟದವರದ್ದು ನೋಡಿ ಬರ್ಕೊಳ್ಳಿ ಅಜ್ಜ ಅಂದೆ, ಆಗ ನಾನು ಚಿಕ್ಕವಳು. ‘ಅದು ಅವರ ಮಳೆ ಕಣವ್ವ’ ಅಂದು ಪುಸ್ತಕದಲ್ಲಿ ಆ ಎರಡು ದಿನದ ಮನೆ ಖಾಲಿ ಬಿಟ್ಟರು.

ಕೆಲಸಕ್ಕೆ ಸೇರಿದ ಮೊದಲ ವರ್ಷ ರಾತ್ರಿ ಪಾಳಿಯಲ್ಲಿ ನಾನು ಎರಡು ಫ್ಲಾಸ್ಕಿನ ನಂಬರು ಅದಲು ಬದಲು ಬರೆದೆ. ಪ್ರತಿ ಫ್ಲಾಸ್ಕಿನ ಗಾತ್ರವನ್ನೂ ಬೇರೆ ಬೇರೆ ತೂಗಿ ಇಟ್ಟಿರ್ತಾರೆ, ನಂಬರು ತಪ್ಪಿದರೆ ಉತ್ತರ ತಪ್ಪುತ್ತೆ. ಗೊತ್ತಾಗೋ ಹೊತ್ತಿಗೆ ಆಮ್ಲಜನಕ ಎಷ್ಟಿದೆ ಅಂತ ಅಳೆಯೋ ಟೈಟ್ರೇಷನ್ ಮುಗಿದಿತ್ತು. ಯಾವುದು ಯಾವುದಿರಬಹುದು ಅಂತ ಊಹೆ ಮಾಡಿ ತಿದ್ದಬಹುದಿತ್ತು, ಸಂಖ್ಯೆಗಳು ಚೆಂದವಾಗಿಯೇ ಕೂರುತ್ತಿದ್ದವು. ಅಜ್ಜನ ಖಾಲಿ ಮನೆ ನೆನಪಾಯಿತು. ಮುಖ್ಯಸ್ಥೆಗೆ ಹೇಳಿದೆ. ಅವರು ಬೈಯಲಿಲ್ಲ, ಎರಡಕ್ಕೂ ‘ಸಂಶಯ’ದ ಗುರುತು ಹಾಕಿಸಿ, ಯಾಕೆ ಅಂತ ನನ್ನ ಕೈಯಲ್ಲೇ ಬರೆಸಿದರು. ನಿನಗೆ ಈ ಕೆಲಸ ಸರಿಹೋಗುತ್ತಾ ಅಂತ ನೀನೇ ತಿಳ್ಕೋಬೇಕಾದರೆ ಇದೊಂದನ್ನೇ ಕೇಳ್ಕೋ: ನಿದ್ದೆಗೆಟ್ಟ ರಾತ್ರಿ ಮೂರು ಗಂಟೆಗೆ, ಯಾರೂ ನೋಡದಿದ್ದಾಗ, ಖಾಲಿ ಬಿಡೋ ಮನಸ್ಸು ನಿನಗಿದೆಯಾ? ಕ್ಯೂಸಿಯಲ್ಲಿ ಮೂರು ವರ್ಷ ಇದ್ದವನು ನೀನು, ಬರೆಯದೆ ಇದ್ದದ್ದು ಆಗೇ ಇಲ್ಲ ಅನ್ನೋ ಶಿಸ್ತು ಬಂದಿರುತ್ತೆ. ನಿನ್ನ ಡಿಗ್ರಿಗಿಂತ ಅದೇ ದೊಡ್ಡ ಬಂಡವಾಳ.

ಸಿಗುತ್ತಾ ಅನ್ನೋದಕ್ಕೆ ಬರ್ತೀನಿ. ಸಿಗುತ್ತೆ, ಆದರೆ ನಿಧಾನ. ಕೆನಡಾದ ಸರ್ಕಾರಿ ನೇಮಕದಲ್ಲಿ 2021ರ ತಿದ್ದುಪಡಿ ಆದಮೇಲೆ ಪಿಆರ್ ಇರೋರಿಗೂ ಪ್ರಜೆಗಳಷ್ಟೇ ಆದ್ಯತೆ, ಅದಕ್ಕೆ ನೀನು ಹಿಂಜರಿಯಬೇಡ. ಸರ್ಕಾರದ ಉದ್ಯೋಗ ತಾಣದಲ್ಲಿ ‘ಇಜಿ’ ಅನ್ನೋ ವರ್ಗ ಹುಡುಕು, ವಿಜ್ಞಾನದ ತಾಂತ್ರಿಕ ಸಿಬ್ಬಂದಿಯೆಲ್ಲ ಅದರಲ್ಲಿ ಬರ್ತಾರೆ. ಅರ್ಜಿಯಲ್ಲಿ ಒಂದೊಂದು ಅರ್ಹತೆಗೂ ಒಂದೊಂದು ಪ್ರಶ್ನೆ ಇರುತ್ತೆ. ‘ನನಗೆ ಟೈಟ್ರೇಷನ್ ಬರುತ್ತೆ’ ಅಂದರೆ ಸಾಲದು. ಯಾವ ಉಪಕರಣ, ದಿನಕ್ಕೆ ಎಷ್ಟು ಮಾದರಿ, ಫಲಿತಾಂಶ ಕೆಟ್ಟಾಗ ಏನು ಮಾಡಿದೆ ಅಂತ ಬಿಡಿಸಿ ಬರಿ. ನನ್ನ ಮೊದಲ ಎರಡು ಅರ್ಜಿ ಬಿದ್ದುಹೋಗಿದ್ದು ಇದೇ ಕಾರಣಕ್ಕೆ. ನಮ್ಮ ಕಡೆ ನಮ್ಮನ್ನು ನಾವೇ ಹೊಗಳ್ಕೊಳ್ಳೋದು ಚೆನ್ನಾಗಿರಲ್ಲ ಅಂತ ಬೆಳೆಸಿದಾರಲ್ಲ, ಅದನ್ನ ಅರ್ಜಿ ಬರೆಯೋ ಹೊತ್ತಿಗೆ ಪಕ್ಕಕ್ಕಿಡು. ನಡೆದದ್ದನ್ನ ನಡೆದ ಹಾಗೆ ಹೇಳೋದು ಹೊಗಳಿಕೆ ಅಲ್ಲ.

ಕ್ಯಾಶುವಲ್ ಕೆಲಸ ಸಿಕ್ಕರೆ ಬಿಡಬೇಡ. ಒಂದು ಇಲಾಖೆಯಲ್ಲಿ ವರ್ಷಕ್ಕೆ 90 ಕೆಲಸದ ದಿನ ಮಾತ್ರ, ಭದ್ರತೆ ಇಲ್ಲ. ಆದರೂ ನಿನ್ನ ಕೈ ಹೇಗಿದೆ ಅಂತ ಅವರಿಗೆ ಕಾಣುತ್ತೆ. ವಿಕ್ಟೋರಿಯಾದಲ್ಲೇ ವಿಶ್ವವಿದ್ಯಾಲಯ ಇದೆ, ಸಮುದ್ರ ವೀಕ್ಷಣೆ ನಡೆಸೋ ಓಷನ್ ನೆಟ್‌ವರ್ಕ್ಸ್ ಕೆನಡಾ ಇದೆ, ಅಲ್ಲೂ ಕೇಳು. ಅಟ್ಲಾಂಟಿಕ್ ಕಡೆ ಹೋಗೋಕೆ ಸಿದ್ಧ ಇದ್ದರೆ ನೋವಾ ಸ್ಕೋಷಿಯಾದ ಬೆಡ್‌ಫರ್ಡ್ ಸಾಗರ ವಿಜ್ಞಾನ ಸಂಸ್ಥೆ ಇದೆ. ಈಗ ಸಮುದ್ರದಲ್ಲಿ ತೇಲೋ ಆರ್ಗೋ ಯಂತ್ರಗಳು ಸಾವಿರಗಟ್ಟಲೆ ಇವೆಯಲ್ಲ, ಮನುಷ್ಯರು ಬೇಕಾ ಅಂತಲೂ ಕೇಳಿದೀಯ. ಬೇಕು. ಆ ಯಂತ್ರದ ಆಮ್ಲಜನಕದ ಸೆನ್ಸರ್ ವರ್ಷ ಕಳೆದಂತೆ ಜಾರುತ್ತೆ, ಅದು ಎಷ್ಟು ಜಾರಿದೆ ಅಂತ ಹಿಡಿಯೋಕೆ ಯಾರೋ ಫ್ಲಾಸ್ಕು ತುಂಬಿಸಲೇಬೇಕು.

ಇನ್ನೊಂದು ಮಾತು, ಬೇಸರ ಮಾಡ್ಕೋಬೇಡ. ಸಮುದ್ರವೇ ಬೇಕು ಅಂತಿದ್ದರೆ ಅದಕ್ಕೆ ಕೆನಡಾ ಒಂದೇ ಅಲ್ಲ. ಗೋವಾದ ದೋನಾ ಪಾವುಲಾದಲ್ಲಿ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ 1966ರಿಂದ ಇದೆ. ನಮ್ಮ ಅರಬ್ಬೀ ಸಮುದ್ರದಲ್ಲಿ ಸುಮಾರು 150ರಿಂದ 1000 ಮೀಟರ್ ನಡುವೆ ಆಮ್ಲಜನಕ ಇಲ್ಲವೇ ಇಲ್ಲ ಅನ್ನೋಷ್ಟು ಕಡಿಮೆ, ಜಗತ್ತಿನ ವಿಜ್ಞಾನಿಗಳು ಅದನ್ನ ನೋಡೋಕೆ ಬರ್ತಾರೆ. ಬಿಸ್ಲೆ ಹತ್ತಿರದ ಆ ದಿಣ್ಣೆ ನೋಡಿದೀಯಲ್ಲ, ಒಂದು ಕಡೆ ಬಿದ್ದ ಮಳೆ ಹೇಮಾವತಿಗೆ, ಇನ್ನೊಂದು ಕಡೆಯದು ಕುಮಾರಧಾರೆಗೆ. ಕುಮಾರಧಾರೆಯ ನೀರು ಹೋಗಿ ಸೇರೋದು ಆ ಸಮುದ್ರಕ್ಕೇ. ನಾನು ಇಪ್ಪತ್ತೆರಡರಲ್ಲಿ ಇದನ್ನ ತಿಳಿದಿದ್ದರೆ ಏನು ಮಾಡ್ತಿದ್ದೆನೋ.

ಬದುಕಿನ ವಿಷಯ. ವರ್ಷದಲ್ಲಿ ನಾನು ಹಡಗಲ್ಲಿರೋದು ಎಂಟು ಹತ್ತು ವಾರ ಅಷ್ಟೇ. ಉಳಿದದ್ದೆಲ್ಲ ದಡದಲ್ಲಿ ಬಾಟಲಿ ತೊಳೆಯೋದು, ರಾಸಾಯನಿಕ ಕಲಸೋದು, ಲೆಕ್ಕ ಪರಿಶೀಲನೆ. ಹಡಗಲ್ಲಿ ಹನ್ನೆರಡು ಗಂಟೆ ಪಾಳಿ. ಮೊದಲ ಮೂರು ದಿನ ವಾಂತಿ ತುಂಬಾ ಜನಕ್ಕೆ ಆಗುತ್ತೆ, ನಾಚಿಕೆ ಬೇಡ. ಮಾತ್ರೆಯನ್ನ ಹಡಗು ಹೊರಡೋ ಮುಂಚೆಯೇ ತಗೋ, ಹೊಟ್ಟೆ ಖಾಲಿ ಬಿಡಬೇಡ, ಒಳಗೆ ಮಲಗೋ ಬದಲು ಡೆಕ್ಕಿಗೆ ಬಂದು ದೂರದ ಗೆರೆ ನೋಡು. ಅವಲಕ್ಕಿ, ಚಟ್ನಿಪುಡಿ, ಉಪ್ಪಿನಕಾಯಿ ಚೀಲದಲ್ಲಿರಲಿ. ಅಡುಗೆಯವರಿಗೆ ಸಸ್ಯಾಹಾರಿ ಅಂತ ಮೊದಲೇ ಹೇಳಿದರೆ ಚೆನ್ನಾಗಿಯೇ ಮಾಡ್ತಾರೆ, ಖಾರ ಮಾತ್ರ ನಿನ್ನದೇ.

ಕಷ್ಟ ಅಂದರೆ ಮನೆ. ಆಗಸ್ಟಿನ ಒಂದು ಯಾನದಲ್ಲಿ ಪಾಪಾದಲ್ಲಿದ್ದಾಗ ಉಪಗ್ರಹದ ಮೇಲ್‌ನಲ್ಲಿ ಎರಡು ಸಾಲು ಬಂತು, ಅಜ್ಜ ಹೋದರು ಅಂತ. ಮುಂದಿನ ರೋಸೆಟ್ ಮೇಲೆ ಬರ್ತಾ ಇತ್ತು. ಜೊತೆಯವಳು ನೀನು ಹೋಗಿ ಮಲಗು ಅಂದಳು, ನಾನು ಹೋಗಲಿಲ್ಲ, ಕೈಗೆ ಕೆಲಸ ಬೇಕಿತ್ತು. ದಡ ಸೇರೋಕೆ ಆರು ದಿನ, ಆಮೇಲೆ ವಿಮಾನ. ಮನೆ ಮುಟ್ಟಿದ್ದು ತಿಥಿಯ ಹಿಂದಿನ ಸಂಜೆ. ಈ ಕೆಲಸಕ್ಕೆ ಸೇರೋ ಮುಂಚೆ ನಿಮ್ಮ ಅಪ್ಪ ಅಮ್ಮನ ಹತ್ತಿರ ಇದನ್ನ ಬಾಯಿಬಿಟ್ಟು ಮಾತಾಡು. ಅವರಿಗೆ ಗೊತ್ತಿರಲಿ, ನಿನಗೂ ಗೊತ್ತಿರಲಿ.

ಆ ವರ್ಷದ ಮಳೆ ಪುಸ್ತಕ ಈಗ ನನ್ನ ಮುಂದೆ ಇದೆ. ಆಗಸ್ಟಲ್ಲಿ ಹನ್ನೊಂದು ಮನೆ ಖಾಲಿ, ಹನ್ನೆರಡನೇ ದಿನದಿಂದ ಅಪ್ಪನ ಅಕ್ಷರ.

ಜನವರಿ ಎರಡನೇ ವಾರ ಕೆನಡಾಕ್ಕೆ ವಾಪಸ್ ಬರ್ತೀನಿ. ನಿನ್ನ ಅರ್ಜಿಯ ಕರಡು ತಗೊಂಡು ಮನೆಗೆ ಬಾ, ಕೂತು ಒಂದೊಂದು ಪ್ರಶ್ನೆ ನೋಡೋಣ. ಬರುವಾಗ ಹಾಸನದ ಮೇಲೇ ಬರ್ತೀನಿ, ನಿಮ್ಮಮ್ಮಂಗೆ ಹೇಳು, ಹುರಿಹಿಟ್ಟು ಏನಾದರೂ ಕೊಡೋದಿದ್ದರೆ ಕಟ್ಟಿಟ್ಟಿರಲಿ.