ಮಲ್ಪೆ ಹತ್ತಿರದ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳನ್ನು ಯಾರು ಕೆತ್ತಿದರು?

ಯಾರೂ ಕೆತ್ತಿಲ್ಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಉಕ್ಕಿದ ಲಾವಾ ತಣ್ಣಗಾಗುವಾಗ ತಾನೇ ಬಿರುಕುಬಿಟ್ಟು ಹೀಗೆ ಕಂಬಗಳಾಗಿದೆ. ಆಗ ಭಾರತ ಮತ್ತು ಮಡಗಾಸ್ಕರ್ ಬೇರೆಯಾಗುತ್ತಿದ್ದವು.

ಬೇಸಿಗೆಯಲ್ಲಿ ನೀರು ಬತ್ತಿದ ಗದ್ದೆ ನೋಡಿದ್ದೀರಲ್ವಾ? ಕೆಸರು ಒಣಗಿ ಕುಗ್ಗುತ್ತದೆ, ನೆಲ ಬಿರಿಯುತ್ತದೆ. ಲಾವಾವೂ ಅಷ್ಟೇ. ಬಿಸಿ ಆರಿದಂತೆ ಕುಗ್ಗುತ್ತದೆ, ಎಲ್ಲ ಕಡೆಯಿಂದಲೂ ಎಳೆತ ಬೀಳುತ್ತದೆ. ಆ ಎಳೆತ ಬಿಡಿಸಿಕೊಳ್ಳಲು ಮೂರು ಬಿರುಕುಗಳು ಒಂದು ಬಿಂದುವಿನಲ್ಲಿ ಸಮ ಕೋನದಲ್ಲಿ ಸೇರುವುದು ಎಲ್ಲಕ್ಕಿಂತ ಸುಲಭ. ಅಂಥ ಬಿರುಕುಗಳು ಒಂದಕ್ಕೊಂದು ಕೂಡಿದಾಗ ಆರು ಮೂಲೆಯ ಆಕಾರ ಬರುತ್ತದೆ, ಜೇನುಗೂಡಿನ ಹಾಗೆ. ತಂಪು ಒಳಗಿಳಿದಂತೆ ಬಿರುಕೂ ಇಳಿಯುತ್ತದೆ. ಕಂಬ ಉದ್ದವಾಗುವುದು ಹಾಗೆ.

ಎಲ್ಲವೂ ಆರು ಮೂಲೆಯವಲ್ಲ. ಕಂಬದ ತಲೆ ಮೇಲೆ ಬೆರಳಾಡಿಸಿ ಎಣಿಸಿ, ಐದು, ಏಳು ಮೂಲೆಯವೂ ಸಿಗುತ್ತವೆ. ನನಗೆ ಬಹಳ ಇಷ್ಟವಾದ ಕೆಲಸ ಇದು! ಸುಮ್ನೆ ಫೋಟೋ ತೆಗೆದು ವಾಪಸ್ ಬರಬೇಡಿ.

1498ರಲ್ಲಿ ವಾಸ್ಕೋ ಡ ಗಾಮಾ ಇಲ್ಲಿ ಇಳಿದ ಎಂಬ ಮಾತೂ ಊರಲ್ಲಿದೆ. ಮಲ್ಪೆಯಿಂದ ದೋಣಿಯಲ್ಲಿ ಹೋಗಬೇಕು. ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ. ದಡದಲ್ಲಿ ಮರಳಿಗಿಂತ ಚಿಪ್ಪೇ ಜಾಸ್ತಿ, ಚಪ್ಪಲಿ ಇರಲಿ.