ಕೊನೆಯ ಐದು ಮಿಲಿಗ್ರಾಂ ಸಣ್ಣದಲ್ಲ

ಖಿನ್ನತೆಯ ಮಾತ್ರೆ ಬಿಡುವ ಬಗ್ಗೆ ಬರುವ ಪತ್ರಗಳನ್ನು ಓದುವಾಗ ನನಗೆ ಸಿಟ್ಟು ಬರುತ್ತದೆ. ಬರೆದವರ ಮೇಲಲ್ಲ, ಅವರಿಗೆ ಹಾಗೆ ಬಿಡಿ ಅಂತ ಹೇಳಿ ಕಳಿಸಿದವರ ಮೇಲೆ. ಎಲ್ಲ ಪತ್ರದಲ್ಲೂ ಒಂದೇ ಕಥೆ. ಎರಡು ವಾರ ಅರ್ಧ ಮಾತ್ರೆ, ಆಮೇಲೆ ಪೂರ್ತಿ ಬಂದ್. ಮೂರ್ನಾಲ್ಕು ದಿನಕ್ಕೆ ಮನುಷ್ಯ ಹಾಸಿಗೆಯಿಂದ ಏಳಲಾರ. ಮನೆಯವರಿಗೆ ‘ಕಾಯಿಲೆ ವಾಪಸ್ ಬಂತು’ ಅನ್ನುವ ಗಾಬರಿ. ಹಾಗಾಗಿ ಈ ಸಲದ ಜಾಗವೆಲ್ಲ ಹೆಚ್ಚುಕಡಿಮೆ ಈ ಒಂದು ಪ್ರಶ್ನೆಗೇ. ಮಾತ್ರೆ ಬಿಡಬೇಕೋ ಬೇಡವೋ ಅನ್ನುವುದನ್ನು ನೀವು ನಿಮ್ಮ ಡಾಕ್ಟರ ಜೊತೆ ಕೂತು ತೀರ್ಮಾನಿಸಿದ್ದೀರಿ ಅಂತಲೇ ಇಟ್ಟುಕೊಂಡು ಬರೆಯುತ್ತೇನೆ.

ಪ್ರಶ್ನೆ: ಮೂರು ವರ್ಷದಿಂದ ಎಸ್ಸಿಟಲೋಪ್ರಾಮ್ 10 ಮಿಲಿಗ್ರಾಂ ತೆಗೆದುಕೊಳ್ಳುತ್ತಿದ್ದೆ. ಈಗೊಂದು ವರ್ಷದಿಂದ ಚೆನ್ನಾಗಿದ್ದೇನೆ. 5ಕ್ಕೆ ಇಳಿಸಿದಾಗ ಏನೂ ಆಗಲಿಲ್ಲ. ಎರಡು ವಾರ ಕಳೆದು ನಿಲ್ಲಿಸಿದೆ. ಮೂರನೇ ದಿನದಿಂದ ತಲೆ ತೇಲುತ್ತಿದೆ. ಕಣ್ಣು ಪಕ್ಕಕ್ಕೆ ಹೊರಳಿಸಿದರೆ ತಲೆಯೊಳಗೆ ಕರೆಂಟ್ ಹೊಡೆದ ಹಾಗಾಗುತ್ತದೆ. ವಾಕರಿಕೆ, ಸಿಡುಕು, ಕಾರಣವಿಲ್ಲದ ಅಳು. ಇವತ್ತಿಗೆ ಒಂಬತ್ತು ದಿನ. ಕಾಯಿಲೆ ಮರುಕಳಿಸಿತಾ? ಇನ್ನು ಜೀವನಪೂರ್ತಿ ಮಾತ್ರೆಯೇ ಗತಿಯಾ?

ಎರಡೂ ಅಲ್ಲ. ನೀವು ಬರೆದಿರುವುದು ವಿತ್‌ಡ್ರಾಯಲ್‌ನ, ಅಂದರೆ ಒಗ್ಗಿಕೊಂಡ ಔಷಧಿಯನ್ನು ಬೇಗ ಬಿಟ್ಟಾಗ ಮೈ ಪಡುವ ಪಾಡಿನ, ಲಕ್ಷಣ. ನಿಮ್ಮ ಪತ್ರದಲ್ಲೇ ಅದಕ್ಕೆ ಸಾಕ್ಷಿ ಇದೆ.

ಮೊದಲು ದಿನ ನೋಡಿ. ಮಾತ್ರೆ ನಿಲ್ಲಿಸಿದ ಮೂರನೇ ದಿನಕ್ಕೆ ಶುರುವಾಗಿದೆ. ಖಿನ್ನತೆ ಮರುಕಳಿಸುವುದಾದರೆ ಸಾಮಾನ್ಯವಾಗಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ತೆಗೆದುಕೊಂಡು ನಿಧಾನವಾಗಿ ಬರುತ್ತದೆ. ಇನ್ನೊಂದು, ಆ ಕರೆಂಟ್ ಹೊಡೆತ. ಬ್ರೈನ್ ಜ್ಯಾಪ್ ಅನ್ನುತ್ತಾರೆ. ಕಣ್ಣು ಪಕ್ಕಕ್ಕೆ ಸರಿದಾಗ ಜಾಸ್ತಿ ಆಗುವುದು ಅದರ ಗುರುತು. ಖಿನ್ನತೆಯಲ್ಲಿ ಅದು ಇರುವುದಿಲ್ಲ. ನಿಮಗೆ ಮೂರು ವರ್ಷದ ಹಿಂದೆ ಕಾಯಿಲೆ ಬಂದಾಗ ತಲೆಯೊಳಗೆ ಹೀಗೆ ಕರೆಂಟ್ ಹೊಡೆಯುತ್ತಿತ್ತಾ? ಇಲ್ಲ ಅಲ್ವಾ? ಆಗ ಇಲ್ಲದ ಲಕ್ಷಣ ಈಗ ಇದೆ ಅಂದರೆ ಅದನ್ನು ಹಳೆಯ ಕಾಯಿಲೆಯ ಲೆಕ್ಕಕ್ಕೆ ಹಾಕಬೇಡಿ. ಅಳು ಮತ್ತು ಸಿಡುಕು ಮಾತ್ರ ಎರಡರಲ್ಲೂ ಬರುತ್ತವೆ. ಜನ ಮೋಸಹೋಗುವುದು ಅಲ್ಲೇ.

10ರಿಂದ 5ಕ್ಕೆ ಬಂದಾಗ ಏನೂ ಆಗಲಿಲ್ಲ, 5ರಿಂದ ಸೊನ್ನೆಗೆ ಬಂದಾಗ ಯಾಕೆ ಹೀಗಾಯಿತು? ಎರಡೂ ಐದೈದೇ ಮಿಲಿಗ್ರಾಂ. ಆದರೆ ಮೆದುಳಿನ ಲೆಕ್ಕ ಬೇರೆ. ಸೆರೊಟೋನಿನ್ ಅಂದರೆ ಮೆದುಳಿನ ಕೋಶಗಳ ನಡುವೆ ಸಂದೇಶ ಒಯ್ಯುವ ಒಂದು ರಾಸಾಯನಿಕ. ಈ ಮಾತ್ರೆಗಳು ಅದನ್ನು ಕೋಶದೊಳಗೆ ವಾಪಸ್ ಎಳೆದುಕೊಳ್ಳುವ ಪಂಪುಗಳನ್ನು ತಡೆಹಿಡಿಯುತ್ತವೆ. ಯಾವ ಡೋಸ್‌ಗೆ ಎಷ್ಟು ಪಂಪು ಅನ್ನುವುದನ್ನು ಮೆದುಳಿನ ಸ್ಕ್ಯಾನ್‌ನಲ್ಲಿ ಅಳೆದಿದ್ದಾರೆ. ನಿಮ್ಮ ಮಾತ್ರೆಯ ಅಣ್ಣನಂತಿರುವ ಸಿಟಲೋಪ್ರಾಮ್ ನೋಡಿ. 20 ಮಿಲಿಗ್ರಾಂ ತೆಗೆದುಕೊಂಡರೆ ಶೇ 80ರಷ್ಟು ಪಂಪುಗಳಿಗೆ ತಡೆ. ಅದನ್ನು ಅರ್ಧಕ್ಕಿಂತ ಕೆಳಗೆ, 9ಕ್ಕೆ ಇಳಿಸಿದರೂ ಇನ್ನೂ ಶೇ 70 ಉಳಿಯುತ್ತದೆ. 5.4ರಲ್ಲಿ ಶೇ 60. ಬರೀ 2.3 ಮಿಲಿಗ್ರಾಂನಲ್ಲೂ ಶೇ 40. ಅಂದರೆ ಮೊದಲ ಹನ್ನೊಂದು ಮಿಲಿಗ್ರಾಂ ಕಳೆದಾಗ ಹೋಗಿದ್ದು ಶೇ 10. ಕೊನೆಯ ಎರಡು ಚಿಲ್ಲರೆ ಮಿಲಿಗ್ರಾಂ ಕಳೆದರೆ ಒಂದೇ ಏಟಿಗೆ ಶೇ 40 ಹೋಗುತ್ತದೆ. ಎಸ್ಸಿಟಲೋಪ್ರಾಮ್‌ನದೂ ಇದೇ ದಾರಿ. ನೀವು 5ರಿಂದ ಸೊನ್ನೆಗೆ ಹಾರಿದ್ದು ಸಣ್ಣ ಇಳಿತವಲ್ಲ, ಇಡೀ ಇಳಿತದ ದೊಡ್ಡ ಪಾಲು ಅದೇ.

ಲಂಡನ್ನಿನ ಸಂಶೋಧಕರಾದ ಮಾರ್ಕ್ ಹೊರೊವಿಟ್ಸ್ ಮತ್ತು ಡೇವಿಡ್ ಟೇಲರ್ 2019ರಲ್ಲೇ ಲ್ಯಾನ್ಸೆಟ್ ಸೈಕಿಯಾಟ್ರಿ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಇದನ್ನು ಅಂಕಿಅಂಶದ ಸಮೇತ ಬರೆದರು. ಬ್ರಿಟನ್ನಿನ ಮನೋವೈದ್ಯರ ಸಂಸ್ಥೆ ರಾಯಲ್ ಕಾಲೇಜ್ ಆಫ್ ಸೈಕಿಯಾಟ್ರಿಸ್ಟ್ಸ್ 2020ರಲ್ಲಿ ಸಾಮಾನ್ಯ ಜನರಿಗೆಂದೇ ಕೈಪಿಡಿ ಮಾಡಿತು. ಇಷ್ಟಾದ ಮೇಲೂ ‘ಅರ್ಧ ಮಾತ್ರೆ ಎರಡು ವಾರ, ಆಮೇಲೆ ನಿಲ್ಲಿಸಿ’ ಅಂತ ಚೀಟಿ ಬರೆಯುವ ಡಾಕ್ಟರುಗಳಿದ್ದಾರೆ. ಶುರು ಮಾಡುವಾಗ ಇರುವ ಶ್ರದ್ಧೆ ಬಿಡಿಸುವಾಗ ಯಾಕಿಲ್ಲ?

ಈಗ ಏನು ಮಾಡಬೇಕು? ನಾಳೆಯೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ, 5 ಮಿಲಿಗ್ರಾಂಗೆ ವಾಪಸ್ ಹೋಗುವ ಮಾತಾಡಿ. ಅದು ಸೋಲಲ್ಲ. ನಿಲ್ಲಿಸಿ ಒಂಬತ್ತೇ ದಿನ ಆಗಿರುವುದರಿಂದ ಕೆಲವೇ ದಿನದಲ್ಲಿ ತಲೆ ಹಗುರಾಗುವ ಸಾಧ್ಯತೆ ಜಾಸ್ತಿ. ಹಾಗೆ ಬೇಗ ತಿಳಿಯಾದರೆ ಅದು ವಿತ್‌ಡ್ರಾಯಲ್ ಆಗಿತ್ತು ಅನ್ನುವುದಕ್ಕೆ ಇನ್ನೊಂದು ಪುರಾವೆ. ಖಿನ್ನತೆಯೇ ಆಗಿದ್ದರೆ ಮಾತ್ರೆ ಕೆಲಸ ಮಾಡಲು ವಾರಗಳು ಬೇಕಿತ್ತು. ತಿಂಗಳುಗಟ್ಟಲೆ ನರಳಿದ ಮೇಲೆ ವಾಪಸ್ ಶುರು ಮಾಡಿದರೆ ಇಷ್ಟು ಸಲೀಸಾಗಿ ಆಗದಿರಬಹುದು. ಅದಕ್ಕೇ ‘ತಡೆದುಕೊಂಡು ನೋಡೋಣ’ ಅನ್ನುವ ಹಟ ಬೇಡ ಅನ್ನುತ್ತೇನೆ.

5ರಲ್ಲಿ ನೆಮ್ಮದಿಯಾಗಿ ಒಂದು ತಿಂಗಳಾದರೂ ನಿಲ್ಲಿ. ಆಮೇಲೆ ಇಳಿಸುವಾಗ ಒಂದು ಸೂತ್ರ ನೆನಪಿಡಿ. ಕಳೆಯಬೇಕಾದ್ದು ಮೂಲ ಡೋಸ್‌ನ ಪಾಲಲ್ಲ, ಈಗ ತೆಗೆದುಕೊಳ್ಳುತ್ತಿರುವ ಡೋಸ್‌ನ ಪಾಲು. 5ರಿಂದ 3.5, ಅಲ್ಲಿಂದ 2.5, 1.7, 1.2, 0.8, 0.5, ಆಮೇಲೆ ಸೊನ್ನೆ. ಪ್ರತಿ ಹಂತದಲ್ಲೂ ಎರಡರಿಂದ ನಾಲ್ಕು ವಾರ. ಇದೊಂದು ಮಾದರಿ ಅಷ್ಟೇ, ನಿಮಗೆ ಹೊಂದುವ ಹಾಗೆ ಡಾಕ್ಟರು ಹಿಂದೆಮುಂದೆ ಮಾಡುತ್ತಾರೆ. ನಿಮ್ಮಂತೆ ಒಮ್ಮೆ ಪೆಟ್ಟು ತಿಂದವರಿಗೆ ನಾನು ಇನ್ನೂ ನಿಧಾನವಾಗಿ ಹೋಗುತ್ತೇನೆ: ತಿಂಗಳಿಗೆ ಆಗಿನ ಡೋಸ್‌ನ ಶೇ 10 ಮಾತ್ರ. ಬೇರೆ ಡಾಕ್ಟರುಗಳಿಗೆ ಇದು ಅತಿ ಅನ್ನಿಸಬಹುದು. ನನಗೆ ಎಷ್ಟು ತಡವಾದರೂ ಚಿಂತೆಯಿಲ್ಲ, ಎದ್ದು ಕೆಲಸಕ್ಕೆ ಹೋಗುವವರನ್ನು ಹಾಸಿಗೆಗೆ ಕೆಡವಬಾರದು.

‘0.8 ಮಿಲಿಗ್ರಾಂ ಮಾತ್ರೆ ಎಲ್ಲಿ ಸಿಗುತ್ತದೆ?’ ಅಂತ ಕೇಳುತ್ತೀರಿ. ಸಿಗುವುದಿಲ್ಲ. ಅದಕ್ಕೆ ದ್ರವರೂಪದ ಔಷಧಿ ಬೇಕು, ಸೂಜಿಯಿಲ್ಲದ ಸಿರಿಂಜ್‌ನಲ್ಲಿ ಅಳೆದು ಕುಡಿಯಬೇಕು. ಅಡುಗೆಮನೆಯ ಚಮಚ ಬೇಡವೇ ಬೇಡ. ಇಲ್ಲಿ ಒಂದು ಅಪಾಯ ಇದೆ, ದಯವಿಟ್ಟು ಗಮನ ಕೊಡಿ. ಎಸ್ಸಿಟಲೋಪ್ರಾಮ್ ದ್ರವ ಒಂದು ಬಾಟಲಿಯಲ್ಲಿ 1 ಮಿಲಿಲೀಟರ್‌ಗೆ 1 ಮಿಲಿಗ್ರಾಂ ಇರುತ್ತದೆ, ಇನ್ನೊಂದರಲ್ಲಿ 1 ಮಿಲಿಲೀಟರ್‌ಗೆ 20 ಮಿಲಿಗ್ರಾಂ. ಮಿಲಿಗ್ರಾಂ ಬೇರೆ, ಮಿಲಿಲೀಟರ್ ಬೇರೆ. ಇದನ್ನು ಕಲಸಿಕೊಂಡರೆ ಇಪ್ಪತ್ತು ಪಟ್ಟು ಡೋಸ್ ಹೊಟ್ಟೆಗೆ ಹೋಗುತ್ತದೆ. ಮೊದಲ ದಿನ ಸಿರಿಂಜ್‌ನಲ್ಲಿ ಯಾವ ಗೆರೆಯವರೆಗೆ ಔಷಧಿ ಎಳೆಯಬೇಕು ಅಂತ ಔಷಧಿ ಅಂಗಡಿಯವರ ಎದುರೇ ಎಳೆದು ತೋರಿಸಿ, ಸರಿ ಅನ್ನಿಸಿಕೊಂಡು ಬನ್ನಿ.

ಇಳಿಸುವ ದಿನಗಳಲ್ಲಿ ಒಂದು ಡೈರಿ ಇಡಿ. ತಾರೀಖು, ಡೋಸ್, ನಿದ್ದೆ, ತಲೆಸುತ್ತು, ಮನಸ್ಸು, ಇಷ್ಟೇ ಸಾಕು. ದಿನಾ ಒಂದೇ ಹೊತ್ತಿಗೆ ಔಷಧಿ ತೆಗೆದುಕೊಳ್ಳಿ. ಸಂಜೆ ಮೇಲೆ ಕಾಫಿ ಟೀ ಬಿಡಿ, ಮದ್ಯ ಪೂರ್ತಿ ಬಿಡಿ. ತಲೆಸುತ್ತು ಇರುವ ದಿನ ಗಾಡಿ ಓಡಿಸಬೇಡಿ. ಮನೆಯಲ್ಲಿ ಒಬ್ಬರಿಗಾದರೂ ಮೊದಲೇ ಹೇಳಿಡಿ: ‘ಮುಂದಿನ ವಾರ ನಾನು ಸುಮ್ನೆ ರೇಗಬಹುದು, ಅದು ಡೋಸ್ ಇಳಿಸಿದ್ದಕ್ಕೆ.’ ಎಷ್ಟೋ ಮನೆಯಲ್ಲಿ ಅರ್ಧ ಜಗಳ ಅಲ್ಲೇ ನಿಲ್ಲುತ್ತದೆ. ಕೆಲಸ ಬಿಡುವುದು, ಸಂಬಂಧ ಮುರಿಯುವುದು, ಮನೆ ಬದಲಿಸುವುದು, ಇಂಥ ತೀರ್ಮಾನಗಳನ್ನು ಆ ವಾರ ತೆಗೆದುಕೊಳ್ಳಬೇಡಿ. ತೊಂದರೆ ಸಣ್ಣದಾಗಿದ್ದರೆ ಅದೇ ಡೋಸ್‌ನಲ್ಲಿ ಕಾದು ನೋಡಿ. ತಡೆಯಲಾಗದಷ್ಟಿದ್ದರೆ ಹಿಂದಿನ ಹಂತಕ್ಕೆ ಹೋಗಿ. ಕೂತಲ್ಲಿ ಕೂರಲಾಗದಂಥ ಚಡಪಡಿಕೆ, ಸಾಯುವ ಯೋಚನೆ, ದಿನಗಟ್ಟಲೆ ನಿದ್ದೆಯೇ ಬೇಡ ಅನ್ನಿಸುವಷ್ಟು ಉತ್ಸಾಹ, ಇವು ಮೂರರಲ್ಲಿ ಯಾವುದು ಬಂದರೂ ಡೈರಿ ಬರೆಯುತ್ತ ಕೂರಬೇಡಿ. ಅದೇ ದಿನ ಡಾಕ್ಟರ ಹತ್ತಿರ ಅಥವಾ ತುರ್ತು ಚಿಕಿತ್ಸೆಗೆ ಹೋಗಿ, ಒಬ್ಬರೇ ಇರಬೇಡಿ.

ಕಾಯಿಲೆ ಮರುಕಳಿಸುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. 2021ರಲ್ಲಿ ಬ್ರಿಟನ್ನಿನಲ್ಲಿ ಆಂಟ್ಲರ್ ಅನ್ನುವ ಅಧ್ಯಯನದ ಫಲಿತಾಂಶ ಬಂತು. ಬಹಳ ಕಾಲ ಮಾತ್ರೆ ತೆಗೆದುಕೊಂಡು ಚೆನ್ನಾಗಿದ್ದವರಲ್ಲಿ, ಬಿಟ್ಟವರ ಪೈಕಿ ಶೇ 56 ಜನಕ್ಕೆ ಒಂದು ವರ್ಷದೊಳಗೆ ಕಾಯಿಲೆ ಮರುಕಳಿಸಿತು. ಮುಂದುವರಿಸಿದವರಲ್ಲಿ ಅದು ಶೇ 39. ಅಂದರೆ ಬಿಟ್ಟ ಮೇಲೂ ಒಂದು ವರ್ಷ ಡಾಕ್ಟರನ್ನು ನೋಡುತ್ತಲೇ ಇರಬೇಕು. ಬಿಟ್ಟವರಲ್ಲೂ ಶೇ 44 ಜನ ಆ ವರ್ಷ ಚೆನ್ನಾಗಿಯೇ ಇದ್ದರು, ಅದನ್ನೂ ಮರೆಯಬೇಡಿ.

ಪ್ರಶ್ನೆ: ಮಾತ್ರೆ ಬಿಟ್ಟರೆ ಎಲ್ಲರಿಗೂ ಹೀಗೆ ಆಗುತ್ತದಂತೆ. ಹೆದರಿ ಮಾತ್ರೆ ಶುರುವೇ ಮಾಡಿಲ್ಲ.

ಎಲ್ಲರಿಗೂ ಆಗುವುದಿಲ್ಲ. 2024ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮಾತ್ರೆ ಬಿಟ್ಟವರಲ್ಲಿ ಶೇ 31 ಜನಕ್ಕೆ ಏನಾದರೊಂದು ಲಕ್ಷಣ ಕಂಡಿತ್ತು. ಔಷಧಿಯೇ ಇಲ್ಲದ ಹುಸಿ ಮಾತ್ರೆ ಬಿಟ್ಟವರಲ್ಲೂ ಶೇ 17 ಜನಕ್ಕೆ ಕಂಡಿತ್ತು. ತೀವ್ರ ತೊಂದರೆ ಆಗಿದ್ದು ಸುಮಾರು 35 ಜನರಲ್ಲಿ ಒಬ್ಬರಿಗೆ. ಬಹಳ ವರ್ಷ ತೆಗೆದುಕೊಂಡವರಿಗೆ ಇದಕ್ಕಿಂತ ಜಾಸ್ತಿ ಇರಬಹುದು ಅಂತ ಹಿಡಿದೇ ನಾನು ಡೋಸ್ ಇಳಿಸುತ್ತೇನೆ. ಆದರೆ ಬಿಡುವ ದಿನದ ಭಯಕ್ಕೆ ಇವತ್ತು ಬೇಕಾದ ಔಷಧಿ ಬೇಡ ಅನ್ನಬೇಡಿ.

ಪ್ರಶ್ನೆ: ದಿನ ಬಿಟ್ಟು ದಿನ ತೆಗೆದುಕೊಂಡು ಬಿಡಬಹುದಾ?

ಬೇಡ. ಖಿನ್ನತೆಯ ಮಾತ್ರೆಗಳಲ್ಲಿ ಪ್ಯಾರಾಕ್ಸೆಟಿನ್ ಸುಮಾರು ಒಂದು ದಿನದಲ್ಲಿ ರಕ್ತದಲ್ಲಿ ಅರ್ಧಕ್ಕೆ ಇಳಿಯುತ್ತದೆ, ವೆನ್ಲಾಫಾಕ್ಸಿನ್ ಇನ್ನೂ ಬೇಗ. ದಿನ ಬಿಟ್ಟು ದಿನ ಅಂದರೆ ಎರಡು ದಿನಕ್ಕೊಮ್ಮೆ ವಿತ್‌ಡ್ರಾಯಲ್ ಅನುಭವಿಸಿದ ಹಾಗೆ.

ಪ್ರಶ್ನೆ: ಮಾತ್ರೆಯ ‘ವಿಷ’ವನ್ನು ಮೈಯಿಂದ ಹೊರಗೆ ಹಾಕುವ ಡಿಟಾಕ್ಸ್ ಪುಡಿ ಕೊಡುತ್ತಾರೆ. ತೆಗೆದುಕೊಳ್ಳಲಾ?

ಇದನ್ನು ಮಾರುವವರ ಮೇಲೆ ನನಗಿರುವ ಕೋಪ ಅಷ್ಟಿಷ್ಟಲ್ಲ. ನಿಮಗೆ ತಲೆಸುತ್ತು ಬಂದಿರುವುದು ಔಷಧಿ ಮೈಯಲ್ಲಿ ಉಳಿದಿರುವುದಕ್ಕಲ್ಲ, ಅದು ಬೇಗ ಖಾಲಿಯಾಗಿದ್ದಕ್ಕೆ. ಖಾಲಿಯಾಗಿದ್ದನ್ನು ಇನ್ನೇನು ಹೊರಗೆ ಹಾಕುತ್ತಾರೆ? ಪುಡಿಯಲ್ಲಿ ಏನಿದೆ ಅಂತ ಅವರು ಹೇಳುವುದೂ ಇಲ್ಲ. ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡದ ಔಷಧಿಯನ್ನು ಈ ಮಾತ್ರೆಗಳ ಜೊತೆ ತೆಗೆದುಕೊಂಡರೆ ಸೆರೊಟೋನಿನ್ ಅತಿಯಾಗಿ ಜೀವಕ್ಕೇ ಅಪಾಯ ಆಗಬಹುದು. ‘ನ್ಯಾಚುರಲ್’ ಅಂತ ಬರೆದಿದ್ದರೆ ಅದು ಸುರಕ್ಷಿತ ಅಂತ ಅರ್ಥವಲ್ಲ.

ಪ್ರಶ್ನೆ: ವಿತ್‌ಡ್ರಾಯಲ್ ಬರುತ್ತದೆ ಅಂದರೆ ಇದು ಚಟವೇ ತಾನೆ?

ಅಲ್ಲ. ಮೈ ಒಗ್ಗಿಕೊಂಡಿದೆ ಅಷ್ಟೇ. ಇದಕ್ಕಾಗಿ ಯಾರೂ ಹಪಹಪಿಸುವುದಿಲ್ಲ, ಡೋಸ್ ಏರಿಸುತ್ತಾ ಹೋಗುವುದಿಲ್ಲ.

ಪ್ರಶ್ನೆ: ಡ್ಯುಲಾಕ್ಸೆಟಿನ್ ಕ್ಯಾಪ್ಸೂಲ್ ಒಳಗಿನದನ್ನು ಪುಡಿ ಮಾಡಿ ಅರ್ಧ ತೆಗೆದುಕೊಳ್ಳಲಾ?

ಪುಡಿ ಮಾಡಲೇಬೇಡಿ. ಆ ಕಾಳುಗಳ ಮೇಲಿನ ಲೇಪನ ಇರುವುದು ಔಷಧಿ ಹೊಟ್ಟೆಯ ಆಮ್ಲಕ್ಕೆ ಹಾಳಾಗದಿರಲಿ ಅಂತ. ಡೋಸ್ ಇಳಿಸುವ ದಾರಿಯನ್ನು ಡಾಕ್ಟರು ಮತ್ತು ಫಾರ್ಮಸಿಸ್ಟ್ ಹತ್ತಿರ ಕೇಳಿ.

ಪ್ರಶ್ನೆ: ಗರ್ಭಿಣಿ ಅಂತ ಗೊತ್ತಾದ ಕೂಡಲೇ ಮಾತ್ರೆ ನಿಲ್ಲಿಸಿದೆ, ಸರಿ ತಾನೆ?

ಹೀಗೆ ದಿಢೀರ್ ನಿಲ್ಲಿಸಬಾರದು. ಇವತ್ತೇ ಡಾಕ್ಟರಿಗೆ ಫೋನ್ ಮಾಡಿ.

ಪ್ರಶ್ನೆ: ಫ್ಲುಯಾಕ್ಸೆಟಿನ್ ಬಿಟ್ಟು ಹತ್ತು ದಿನವಾಯಿತು, ಏನೂ ಆಗಿಲ್ಲ. ಗೆದ್ದೆ ಅಲ್ವಾ?

ಇನ್ನೂ ಹೇಳಲಾಗದು. ಅದು ಮೈಯಿಂದ ಪೂರ್ತಿ ಹೋಗಲು ವಾರಗಳೇ ಬೇಕು, ಹಾಗಾಗಿ ತೊಂದರೆ ಬಂದರೂ ತಡವಾಗಿ ಬರುತ್ತದೆ. ಇನ್ನೂ ಒಂದೂವರೆ ತಿಂಗಳು ಡೈರಿ ಮುಂದುವರಿಸಿ.