ಗಾದೆಗೂ ಒಂದು ಊರು, ಒಂದು ಹೊಲ, ಒಂದು ತಾರೀಖು

ಈ ಸಂಚಿಕೆಯ ಪ್ರಶ್ನೋತ್ತರದಲ್ಲಿ ಕನ್ನಡ, ಭೂಗೋಳ, ಕೃಷಿ ಮೂರಕ್ಕೂ ಕೈ ಹಾಕಿರುವ ಸಂಶೋಧಕರ ಪತ್ರಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಹಾವೇರಿ, ಧಾರವಾಡ, ತುಮಕೂರು ಕಡೆಯಿಂದ ಸುಮಾರು 200 ಮಳೆ ಗಾದೆ ಸಂಗ್ರಹಿಸಿದ್ದೇನೆ. "ರೋಹಿಣಿ ಮಳೆ ಬಂದರೆ ಓಣಿಯೆಲ್ಲಾ ಜೋಳ" ಎಂಬಂಥವು. ಇವು ನಿಜವೋ ಸುಳ್ಳೋ ಮಳೆ ಅಂಕಿಅಂಶದ ಜೊತೆ ಹೋಲಿಸಿ ನೋಡು ಎಂದು ಮಾರ್ಗದರ್ಶಕರು ಹೇಳಿದ್ದಾರೆ. ಎಲ್ಲಿಂದ ಶುರು ಮಾಡಲಿ? (ಕನ್ನಡ ಸಂಶೋಧನಾ ವಿದ್ಯಾರ್ಥಿನಿ, ಹಾವೇರಿ)

ಅಂಕಿಅಂಶ ಆಮೇಲೆ. ಮೊದಲು ಗಾದೆಯ ವಿಳಾಸ ಹುಡುಕಿ. ನೀವು ಕೊಟ್ಟ ಉದಾಹರಣೆಯನ್ನೇ ನೋಡಿ. "ಓಣಿ" ಉತ್ತರ ಕರ್ನಾಟಕದ ದಿನಬಳಕೆಯ ಮಾತು. ಹಳೇ ಮೈಸೂರಿನವರು ಬೀದಿ, ಕೇರಿ ಎನ್ನುತ್ತಾರೆ. ಸೂರ್ಯ ಯಾವ ನಕ್ಷತ್ರದಲ್ಲಿ ಇರುತ್ತಾನೋ ಆಗಿನ ಮಳೆಗೆ ಆ ನಕ್ಷತ್ರದ ಹೆಸರು; ರೋಹಿಣಿ ಮಳೆ ಮೇ 25ರಿಂದ ಜೂನ್ 7ರವರೆಗೆ. ಆ ಮಳೆ ನಂಬಿ ಬಿತ್ತುವುದು ಮುಂಗಾರಿ ಜೋಳ. ವಿಜಯಪುರದ ಎರೆ (ಕಪ್ಪು ಮಣ್ಣಿನ) ಹೊಲದವರ ಮುಖ್ಯ ಜೋಳ ಹಿಂಗಾರಿಯದು, ಬಿತ್ತನೆ ಉತ್ತರೆ, ಹಸ್ತದ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್‌ಗೆ. ಹಾಗಾಗಿ ಈ ಗಾದೆಯನ್ನು ವಿಜಯಪುರದ ಮಳೆಗೆ ತಾಳೆ ಹಾಕಿ "ಸುಳ್ಳು" ಎಂದು ಬರೆದರೆ ತಪ್ಪು ಗಾದೆಯದಲ್ಲ, ಬರೆದವರದು. ತುಮಕೂರಿನಲ್ಲಿ ಇದೇ ಗಾದೆ ಸಿಕ್ಕಿದ್ದರೆ ಅದು ಹೇಗೆ ಬಂತು ಎಂದು ಕೇಳಿ. ಮದುವೆಯಾಗಿ ಬಂದ ಹೆಣ್ಣುಮಗಳ ಬಾಯಿಂದಲೋ, ಶಾಲೆಯ ಪುಸ್ತಕದಿಂದಲೋ, ಗೋಡೆ ಕ್ಯಾಲೆಂಡರಿನಿಂದಲೋ? ಅಚ್ಚಿನ ಗಾದೆ ಊರಿಗೆ ವಾಪಸು ಬಂದು ಊರಿನದೇ ಆಗಿಬಿಡುವುದು ಈಗ ಬಹಳ ಸಾಮಾನ್ಯ.

ಒಂದೊಂದು ಗಾದೆಗೂ ಒಂದು ಚೀಟಿ ಇಡಿ. ಹೇಳಿದ ಮಾತು ಹೇಳಿದ ಹಾಗೇ, ಉಚ್ಚಾರ ತಿದ್ದದೆ. ಊರು, ಹೋಬಳಿ, ತಾಲ್ಲೂಕು. ಹೇಳಿದವರ ವಯಸ್ಸು, ಅವರು ಹುಟ್ಟಿ ಬೆಳೆದ ಊರು. ಮಣ್ಣು ಎರೆಯೋ, ಮಸಾರಿಯೋ (ಕೆಂಪು ಮಣ್ಣು), ಕೆಂಪು ಮರಳೋ. ಯಾವ ಬೆಳೆಯನ್ನು ನೆನೆದು ಹೇಳಿದರು. ಆ ಮಳೆ ಬಂದರೆ ಮರುದಿನ ಹೊಲದಲ್ಲಿ ಏನು ಮಾಡುತ್ತಾರೆ. ಈ ಕೊನೆಯ ಪ್ರಶ್ನೆಯನ್ನು ಬಿಡಲೇಬೇಡಿ, ಗಾದೆಯ ಅರ್ಥ ಅಲ್ಲಿಯೇ ಬಿಚ್ಚಿಕೊಳ್ಳುವುದು. "ಮಘೆ ಮಳೆ ಬಂದಷ್ಟು ಒಳ್ಳೇದು, ಮನೆಮಗ ಉಂಡಷ್ಟು ಒಳ್ಳೇದು" ಎಂಬುದನ್ನು ಬರೀ ಓದಿದರೆ ಮುದ್ದಾದ ಹೋಲಿಕೆ, ಅಷ್ಟೇ. ಮಘೆ ಆಗಸ್ಟ್ 17ರ ಸುಮಾರಿಗೆ ಹುಟ್ಟುತ್ತದೆ. ಜುಲೈ ನಡುವೆ ಬಿತ್ತಿದ ರಾಗಿಗೆ ಆಗ ತಿಂಗಳು ತುಂಬಿ ತೆಂಡೆ (ಬುಡದ ಕವಲು) ಒಡೆಯುವ ಸಮಯ. ಎಡೆಕುಂಟೆ ಹೊಡೆದ ಹೊಲ ನೀರಿಗೆ ಬಾಯಿ ಬಿಟ್ಟಿರುತ್ತದೆ. ಬೆಳೆಯುವ ಮಗನ ಹಸಿವಿನ ಮಾತು ಅಲ್ಲಿ ಸುಮ್ಮನೆ ಬಂದದ್ದಲ್ಲ.

ಸಂದರ್ಶನದಲ್ಲಿ "ಆರಿದ್ರಾ ಮಳೆಗೆ ಒಂದು ಗಾದೆ ಹೇಳಿ" ಎಂದು ಕೇಳಬೇಡಿ. ಹಾಗೆ ಕೇಳಿದರೆ ಪ್ರಾಸ ಹೊಂದಿಸಿ ಕೊಡುವವರು ಸಿಗುತ್ತಾರೆ. ಬಿತ್ತನೆಯ ಕ್ರಮ ಕೇಳುತ್ತಾ ಹೋಗಿ, ಗಾದೆ ತಾನಾಗಿ ಬರಲಿ. ಪ್ರಾಸದ ವಿಷಯದಲ್ಲಿ ಸಾಹಿತ್ಯದವರಾದ ನೀವೇ ಕೃಷಿಯವರಿಗೆ ಹೇಳಿಕೊಡಬೇಕಾದದ್ದಿದೆ. ಭರಣಿಗೆ ಧರಣಿ, ಆರಿದ್ರಕ್ಕೆ ದರಿದ್ರ, ಚಿತ್ತೆಗೆ ವಿಚಿತ್ರ. ಗಾದೆಯ ಎರಡನೇ ಅರ್ಧವನ್ನು ಅನುಭವ ಕಟ್ಟಿತೋ ಪ್ರಾಸ ಕಟ್ಟಿತೋ ತಿಳಿಯಲು ಪಾಠಾಂತರಗಳನ್ನು ಸಾಲಾಗಿ ಇಡಿ. ಪ್ರಾಸ ಮುರಿದ ರೂಪದಲ್ಲೂ ಅದೇ ಬೆಳೆ, ಅದೇ ಫಲ ಉಳಿದಿದ್ದರೆ ಆ ಗಾದೆಯನ್ನು ಪರೀಕ್ಷೆಗೆ ತೆಗೆದುಕೊಳ್ಳಿ. ಪ್ರಾಸ ಬದಲಾದಂತೆ ಫಲವೂ ಬದಲಾಗುತ್ತಿದ್ದರೆ ಅದನ್ನು ಭಾಷೆಯ ಅಧ್ಯಾಯಕ್ಕೆ ಸೇರಿಸಿ. 200ರಲ್ಲಿ ಪರೀಕ್ಷೆಗೆ 15–20 ಉಳಿದರೂ ಸಾಕು.

ಇನ್ನು ಲೆಕ್ಕ. ಕನಿಷ್ಠ 30 ವರ್ಷದ ದಿನವಹಿ ಮಳೆ ಬೇಕು. ತಿಂಗಳ ಮೊತ್ತ ಉಪಯೋಗಕ್ಕೆ ಬಾರದು, ನಕ್ಷತ್ರ ತಿಂಗಳ ಗಡಿ ದಾಟುತ್ತದೆ. ಪ್ರತಿ ವರ್ಷ ಪ್ರತಿ ನಕ್ಷತ್ರಕ್ಕೆ ಮೂರು ಅಂಕಿ ತೆಗೆಯಿರಿ: ಒಟ್ಟು ಮಿ.ಮೀ., ಮಳೆ ದಿನಗಳ ಸಂಖ್ಯೆ (ಹವಾಮಾನ ಇಲಾಖೆಯ ಲೆಕ್ಕದಲ್ಲಿ 2.5 ಮಿ.ಮೀ. ಅಥವಾ ಹೆಚ್ಚು ಬಿದ್ದ ದಿನ), ಒಂದೇ ದಿನ ಬಿದ್ದ ಅತಿ ಹೆಚ್ಚು ಮಳೆ. ಒಂದೇ ತಾಸಿನಲ್ಲಿ ಸುರಿದು ಹಳ್ಳಕ್ಕೆ ಹರಿದ 60 ಮಿ.ಮೀ.ಗೂ, ಮೂರು ಸಲ ತಲಾ 20 ಮಿ.ಮೀ. ಬಿದ್ದು ನೆಲಕ್ಕಿಳಿದದ್ದಕ್ಕೂ ಮೊತ್ತ ಒಂದೇ, ಹದ (ನೆಲದ ತೇವ) ಬೇರೆ. ಬಿತ್ತನೆ ಹದಕ್ಕೆ ಮಸಾರಿಗೆ 25–30 ಮಿ.ಮೀ., ಎರೆಗೆ ಅದರ ದುಪ್ಪಟ್ಟು ಎಂದಿಟ್ಟುಕೊಂಡು ಆರಂಭಿಸಿ, ರೈತರು "ಒಂದು ಗೇಣು ಹದ", "ನಾಲ್ಕು ಬೆರಳು ಹದ" ಎಂದು ಹೇಳುವ ಆಳದ ಜೊತೆ ಹೋಲಿಸಿ ತಿದ್ದಿಕೊಳ್ಳಿ.

ಇಳುವರಿಯಲ್ಲಿ ಎಡವುವವರೇ ಹೆಚ್ಚು. ತಳಿ ಬದಲಾದಾಗ ಮಳೆ ಹೇಗಿದ್ದರೂ ಇಳುವರಿ ಏರುತ್ತದೆ. ರಾಗಿಯಲ್ಲಿ 1970ರ ದಶಕದ ಇಂಡಾಫ್ ತಳಿಗಳು, ಆಮೇಲಿನ ಜಿಪಿಯು-28 ಹಾಗೆ ಏರಿಸಿದವು. ಆ ಏರುಗೆರೆಯನ್ನು ಕಳೆದು, ಉಳಿದ ಏರಿಳಿತವನ್ನು ಮಾತ್ರ ಮಳೆಗೆ ಹೋಲಿಸಬೇಕು. ಇನ್ನೊಂದು: "ಓಣಿಯೆಲ್ಲಾ ಜೋಳ" ಎಂಬುದು ಹೆಕ್ಟೇರಿಗೆ ಎಷ್ಟು ಬಂತು ಎಂಬ ಮಾತಲ್ಲ, ಊರಿಗೆ ಎಷ್ಟು ಬಂತು ಎಂಬ ಮಾತು. ರೋಹಿಣಿ ಕೈಕೊಟ್ಟರೆ ರೈತ ಜೋಳ ಬಿಟ್ಟು ಬೇರೆ ಬೆಳೆಗೆ ಹೋಗುತ್ತಾನೆ. ಬಿತ್ತಿದ ಕೆಲವೇ ಹೊಲದಲ್ಲಿ ಇಳುವರಿ ಚೆನ್ನಾಗಿಯೇ ಇರಬಹುದು. ಅದಕ್ಕೆ ಬಿತ್ತನೆ ವಿಸ್ತೀರ್ಣ, ಇಳುವರಿ ಎರಡನ್ನೂ ಬೇರೆ ಬೇರೆಯಾಗಿ ನೋಡಿ. ತಾಲ್ಲೂಕಿನ ಅಂಕಿ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯದಲ್ಲಿ ಸಿಗುತ್ತದೆ. ಆ ಇಳುವರಿ ಬೆಳೆ ಕಟಾವು ಪ್ರಯೋಗದಿಂದ ಬಂದದ್ದು, ಜೋಳ, ರಾಗಿಗೆ 5 ಮೀಟರ್ ಉದ್ದ, 5 ಮೀಟರ್ ಅಗಲದ ತಾಕಿನ ಅಳತೆ ಎಂಬುದು ನೆನಪಿರಲಿ.

20 ಗಾದೆ ಪರೀಕ್ಷಿಸಿ ಶೇ. 5ರ ಮಟ್ಟದಲ್ಲಿ (ಆಕಸ್ಮಿಕಕ್ಕೆ ನೂರಕ್ಕೆ ಐದರ ಅವಕಾಶ ಬಿಟ್ಟು) ಒಂದು "ನಿಜ"ವಾಗಿ ಕಂಡರೆ ಹಿಗ್ಗಬೇಡಿ. ಅಷ್ಟು ಪರೀಕ್ಷೆಯಲ್ಲಿ ಒಂದು ಬರೀ ಆಕಸ್ಮಿಕವಾಗಿಯೂ ಹಾಗೆ ಕಾಣುತ್ತದೆ.

ಪ್ರಶ್ನೆ: ಮಳೆ ಅಂಕಿಅಂಶಕ್ಕೆ ಹವಾಮಾನ ಇಲಾಖೆಯ ಚೌಕ ದತ್ತಾಂಶ ಬಳಸಲೇ, ತಾಲ್ಲೂಕು ಮಳೆಮಾಪಕದ್ದೇ ಬಳಸಲೇ? (ಭೂಗೋಳ ವಿಭಾಗ, ಶಿವಮೊಗ್ಗ)

ಊರು ಎಲ್ಲಿದೆ ಎಂಬುದರ ಮೇಲೆ ಹೋಗುತ್ತದೆ. ನಾಡನ್ನು ಚೌಕಗಳಾಗಿ ಹಂಚಿ ಒಂದೊಂದಕ್ಕೂ ಮಳೆ ಕೊಡುವ ಚೌಕ ದತ್ತಾಂಶ 1901ರಿಂದ ಇದೆ, ಉಚಿತ. ಒಂದು ಚೌಕ 0.25 ಡಿಗ್ರಿ, ಅಂದರೆ ಸುಮಾರು 27 ಕಿ.ಮೀ. ಬದಿ. ಬಯಲುಸೀಮೆಯಲ್ಲಿ ಇದು ತಕ್ಕಮಟ್ಟಿಗೆ ನಡೆಯುತ್ತದೆ. ನಿಮ್ಮ ಜಿಲ್ಲೆಯಲ್ಲಿ ನಡೆಯದು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ದಾಟುತ್ತದೆ, ಘಟ್ಟದ ನೆತ್ತಿಯಿಂದ ಪೂರ್ವಕ್ಕೆ ಬಂದಷ್ಟೂ ಮಳೆ ಕಡಿದಾಗಿ ಇಳಿಯುತ್ತದೆ. ಆ ಇಳಿಜಾರನ್ನೆಲ್ಲ ಒಂದೇ ಚೌಕ ನುಂಗಿ ಸರಾಸರಿ ಮಾಡಿಬಿಡುತ್ತದೆ. ಮಲೆನಾಡಿನ ಗಾದೆಗೆ ಹತ್ತಿರದ ಮಾಪಕವೇ ಆಗಬೇಕು. ಚೌಕದ ಹಳೆಯ ವರ್ಷಗಳಲ್ಲಿ ಮಾಪಕಗಳೇ ವಿರಳವಾಗಿದ್ದವು, ನಡುವಿನ ಅಂಕಿ ಲೆಕ್ಕದಿಂದ ತುಂಬಿದ್ದು ಎಂಬುದನ್ನೂ ಪ್ರಬಂಧದಲ್ಲಿ ಬರೆಯಿರಿ.

ಎರಡು ತಪ್ಪು ಮತ್ತೆ ಮತ್ತೆ ಆಗುತ್ತವೆ. ಮಾಪಕ ಓದುವುದು ಬೆಳಿಗ್ಗೆ 8:30ಕ್ಕೆ, ಹಿಂದಿನ 24 ಗಂಟೆಯ ಮಳೆ ಆ ದಿನದ ಲೆಕ್ಕಕ್ಕೆ ಹೋಗುತ್ತದೆ. ಜೂನ್ 21ರ ಸಂಜೆ ಸುರಿದ ಮೃಗಶಿರಾ ಮಳೆ 22ರ ಸಾಲಿನಲ್ಲಿ ಕೂತು ಆರಿದ್ರೆಗೆ ಸೇರಿಹೋಗುತ್ತದೆ. ಗಡಿಯನ್ನು ಒಂದು ದಿನ ಸರಿಸಿಯೂ ಲೆಕ್ಕ ಮಾಡಿ, ಫಲಿತಾಂಶ ಬದಲಾಗುತ್ತದೆಯೋ ನೋಡಿ. ಎರಡನೆಯದು, ಅಂಕಿ ಇಲ್ಲದ ಕಡೆ -999 ಎಂದಿರುತ್ತದೆ. ಅದನ್ನು ತೆಗೆಯದೆ ಕೂಡಿಸಿದರೆ ಮೊತ್ತ ಋಣಸಂಖ್ಯೆ ಬಂದು ತಪ್ಪು ಗೊತ್ತಾಗುತ್ತದೆ. ಖಾಲಿ ಮನೆಯನ್ನು ಸೊನ್ನೆ ಎಂದು ತುಂಬಿದರೆ ಮಾತ್ರ ಗೊತ್ತಾಗುವುದೇ ಇಲ್ಲ, ಬರಗಾಲ ಹುಟ್ಟಿಕೊಳ್ಳುತ್ತದೆ. ನಕ್ಷತ್ರದ ಅವಧಿಯೂ ಒಂದೇ ಸಮ ಇಲ್ಲ. ಸೂರ್ಯನ ನಡೆ ಜೂನ್–ಜುಲೈನಲ್ಲಿ ನಿಧಾನ, ಆಗ 14 ದಿನ, ಜನವರಿಯಲ್ಲಿ 13. ಹೋಲಿಕೆಗೆ ದಿನದ ಸರಾಸರಿ ತೆಗೆಯಿರಿ.

ಪ್ರಶ್ನೆ: ಚಾವುಂಡರಾಯನ ಲೋಕೋಪಕಾರದಲ್ಲಿ (1025) ಮಳೆ, ಕೃಷಿಯ ಮಾತಿದೆ. ಅಂಥ ಹಳೆಯ ಕೃತಿಯ ನಕ್ಷತ್ರಕ್ಕೆ ಇಂದಿನ ತಾರೀಖು ಹಾಕಬಹುದೇ? (ಹಳಗನ್ನಡ ಅಧ್ಯಾಪಕರು, ಬಳ್ಳಾರಿ)

ನೇರವಾಗಿ ಹಾಕಬಾರದು. ಮೊದಲು ಆ ಸಾಲಿನ ನಕ್ಷತ್ರ ಚಂದ್ರನದೋ ಸೂರ್ಯನದೋ ಖಚಿತ ಮಾಡಿಕೊಳ್ಳಿ. ಚಂದ್ರ ಹೆಚ್ಚುಕಡಿಮೆ ದಿನಕ್ಕೊಂದು ನಕ್ಷತ್ರ ದಾಟುತ್ತಾನೆ. ರೈತರ ಮಳೆ ನಕ್ಷತ್ರ ಸೂರ್ಯನದು. ಹಳೆಯ ಶಾಸ್ತ್ರಗ್ರಂಥಗಳಲ್ಲಿ ಮಳೆಯ ಮುನ್ಸೂಚನೆಗೆ ಚಂದ್ರನಕ್ಷತ್ರ ಹಿಡಿಯುವುದೂ ಉಂಟು. ಇವೆರಡನ್ನು ಕಲಸಿದರೆ ಮುಂದಿನದೆಲ್ಲ ವ್ಯರ್ಥ.

ಸೂರ್ಯನದೇ ಆದರೆ ಅಯನಾಂಶದ ಲೆಕ್ಕ ಬರುತ್ತದೆ. ನಕ್ಷತ್ರಗಳಿಂದ ಎಣಿಸುವ ವರ್ಷ ಋತುಗಳ ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದ; 70ಕ್ಕೂ ತುಸು ಹೆಚ್ಚು ವರ್ಷಕ್ಕೆ ಒಂದು ದಿನ ಜಾರುತ್ತದೆ. ಸಾವಿರ ವರ್ಷಕ್ಕೆ 14 ದಿನ, ಹಳೆಯ ಸಿದ್ಧಾಂತದ ವರ್ಷಮಾನ ಇನ್ನೂ ಸ್ವಲ್ಪ ಉದ್ದವಿರುವುದರಿಂದ ಆ ಲೆಕ್ಕದಲ್ಲಿ 16. ಅಂದರೆ ಒಂದು ಇಡೀ ಮಳೆಯಷ್ಟು! ಈಗ ಜೂನ್ 22ಕ್ಕೆ ಹುಟ್ಟುವ ಆರಿದ್ರೆ ಆಗ, ಇಂದಿನ ಕ್ಯಾಲೆಂಡರಿಗೆ ತಂದು ಹೇಳುವುದಾದರೆ, ಜೂನ್ ಮೊದಲ ವಾರದ ಕೊನೆಗೆ ಹುಟ್ಟುತ್ತಿತ್ತು. ಮುಂಗಾರು ನಮ್ಮ ನಾಡಿಗೆ ಕಾಲಿಡುವುದೂ ಅದೇ ಹೊತ್ತಿಗೆ. ಆರಿದ್ರೆಗೆ ಹಳೆಯ ಮಾತುಗಳಲ್ಲಿ ಇರುವ ದೊಡ್ಡ ಸ್ಥಾನವನ್ನು ಈ ದೃಷ್ಟಿಯಿಂದ ಯಾರಾದರೂ ಕೂತು ನೋಡಬೇಕಾದದ್ದೇ.

ಒಂದು ಎಚ್ಚರಿಕೆ. ಶಾಸನ, ಕೃತಿಗಳ ಕಾಲವನ್ನು ವಿದ್ವಾಂಸರು ಜೂಲಿಯನ್ (ಇಂದಿನದಕ್ಕಿಂತ ಹಿಂದಿನ ಯುರೋಪಿನ ಕ್ಯಾಲೆಂಡರ್) ತಾರೀಖಿನಲ್ಲಿ ಕೊಟ್ಟಿರುತ್ತಾರೆ. ಋತುವಿಗೆ ಹೋಲಿಸುವ ಮೊದಲು 11ನೇ ಶತಮಾನದ ತಾರೀಖಿಗೆ 6 ದಿನ ಕೂಡಿಸಿ.

ಪ್ರಶ್ನೆ: ಶಾಸನದಲ್ಲಿ ಬರುವ "ಮತ್ತರು", "ಖಂಡುಗ" ಭೂಮಿಯನ್ನು ಎಕರೆಗೆ ತಿರುಗಿಸಿ ನಕ್ಷೆಯಲ್ಲಿ ತೋರಿಸಬೇಕಿದೆ. ಸೂತ್ರ ಇದೆಯೇ? (ಇತಿಹಾಸ–ಭೂಗೋಳ ಸಂಶೋಧಕರು, ಹಾಸನ)

ಎಲ್ಲ ಕಡೆಗೂ ಸಲ್ಲುವ ಒಂದು ಸೂತ್ರ ಇಲ್ಲ. ಮತ್ತರು ನೆಲದ ಅಳತೆ; ಅದನ್ನು ಅಳೆಯುವ ಗಳೆ (ಅಳತೆ ಕೋಲು) ಊರಿಂದೂರಿಗೆ ಬೇರೆ, ಶಾಸನವೇ ಎಷ್ಟೋ ಸಲ ಇಂಥ ಊರಿನ ಗಳೆ ಎಂದು ಹೇಳುತ್ತದೆ. ಗಳೆಯ ಉದ್ದದಲ್ಲಿ ಶೇ. 10 ತಪ್ಪಿದರೆ ವಿಸ್ತೀರ್ಣದಲ್ಲಿ ಶೇ. 21 ತಪ್ಪುತ್ತದೆ. ಖಂಡುಗ ಕಾಳಿನ ಅಳತೆ, 20 ಕೊಳಗ. "ಖಂಡುಗ ಗದ್ದೆ" ಎಂದರೆ ಅಷ್ಟು ಬೀಜ ಹಿಡಿಯುವ ನೆಲ. ಇಂದಿನ ಶಿಫಾರಸಿನಂತೆ ಎಕರೆಗೆ ನಾಟಿ ಭತ್ತ ಸುಮಾರು 25 ಕಿಲೋ, ಕೂರಿಗೆ ಬಿತ್ತನೆಯ ರಾಗಿ 4–5 ಕಿಲೋ. ಹಾಗಾಗಿ ಒಂದೇ ತೂಕದ ಬೀಜದ ಬೆದ್ದಲು (ಮಳೆ ನಂಬಿದ ಹೊಲ) ಗದ್ದೆಯ ಐದಾರು ಪಟ್ಟು ದೊಡ್ಡದಾಗಬಹುದು. ಎಕರೆಯ ಒಂದೇ ಅಂಕಿ ಕೊಡುವ ಬದಲು ಕನಿಷ್ಠ–ಗರಿಷ್ಠ ಕೊಡಿ, ಮೂಲ ಅಳತೆಯನ್ನು ಪಕ್ಕದಲ್ಲೇ ಉಳಿಸಿ.

ನಕ್ಷೆಗೆ ಎಲ್ಲೆ ಹೇಳುವ ಸಾಲುಗಳೇ ಹೆಚ್ಚು ನೆರವಾಗುತ್ತವೆ. "ಮೂಡಲು ಕೆರೆಯ ಕೋಡಿ, ತೆಂಕಲು ಹುತ್ತ" ಎಂಬ ಮಾದರಿಯ ಮಾತಿನಲ್ಲಿ ಹುತ್ತ ಉಳಿದಿರದು, ಕೋಡಿ, ತೂಬು, ಹಳ್ಳ, ಗುಡ್ಡ ಉಳಿದಿರುತ್ತವೆ. 1:50,000ರ ಸರ್ವೆ ನಕ್ಷೆಯಲ್ಲಿ ಕೆರೆ ಗುರುತಿಸಿ, ಕಂದಾಯದ ಗ್ರಾಮನಕ್ಷೆಗೆ ಇಳಿಯಿರಿ, ದಿಶಾಂಕ್ ಆ್ಯಪ್ ಹಿಡಿದು ಸ್ಥಳದಲ್ಲಿ ನಿಂತು ಸರ್ವೆ ನಂಬರ್ ತಾಳೆ ನೋಡಿ. ಶಾಸನದ ಊರು ಇಂದು ಕಾಣದಿದ್ದರೆ ಬೇಚಿರಾಕ್ ಗ್ರಾಮಗಳ ಪಟ್ಟಿ ನೋಡದೆ "ಅಳಿದ ಊರು" ಎಂದು ಬರೆಯಬೇಡಿ. ಜನ ಬಿಟ್ಟುಹೋದ ಊರಿನ ಹೆಸರು, ಎಲ್ಲೆ ಕಂದಾಯ ದಾಖಲೆಯಲ್ಲಿ ಜೀವಂತ ಇರುತ್ತವೆ. ಕಲ್ಲು ಈಗ ನಿಂತಿರುವ ಜಾಗವೇ ದಾನದ ಜಾಗ ಎಂದೂ ತಿಳಿಯಬೇಡಿ. ದೇವಸ್ಥಾನದ ಅಂಗಳಕ್ಕೆ ತಂದಿಟ್ಟ ಕಲ್ಲುಗಳು ಬೇಕಾದಷ್ಟಿವೆ.

ಪ್ರಶ್ನೆ: ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಗಾದೆಗಳನ್ನು ಯೂನಿಕೋಡ್‌ಗೆ ಬದಲಿಸಿದೆ. ಹುಡುಕಿದರೆ ಅರ್ಧ ಸಿಗುತ್ತವೆ, ಅರ್ಧ ಸಿಗುವುದಿಲ್ಲ. (ಎಂ.ಎ. ವಿದ್ಯಾರ್ಥಿ, ಮಂಡ್ಯ)

ಕಣ್ಣಿಗೆ ಒಂದೇ ಕಂಡರೂ ಒಳಗಿನ ಸಂಕೇತ ಬೇರೆ ಇರುತ್ತದೆ. ದೀರ್ಘ "ೇ" ಒಂದೇ ಸಂಕೇತವಾಗಿಯೂ, ಹ್ರಸ್ವ ಮತ್ತು ದೀರ್ಘದ ಗುರುತು ಎಂದು ಎರಡಾಗಿಯೂ ಬಂದಿರಬಹುದು. ಇಡೀ ಕಡತವನ್ನು ಎನ್‌ಎಫ್‌ಸಿ ರೂಪಕ್ಕೆ (ಇಂಥ ಜೋಡಿಯನ್ನು ಒಂದೇ ಸಂಕೇತವಾಗಿಸುವ ಯೂನಿಕೋಡ್ ಕ್ರಮ) ತಂದರೆ ಇದು ಸರಿಹೋಗುತ್ತದೆ. ಪದದ ನಡುವೆ ಕಾಣದೆ ಕೂತಿರುವ ಜೋಡಣೆ-ತಡೆ ಅಕ್ಷರವನ್ನು ಹುಡುಕಾಟದ ಪ್ರತಿಯಿಂದ ಮಾತ್ರ ತೆಗೆಯಿರಿ, ಅಚ್ಚಿನ ಪ್ರತಿಯಲ್ಲಿ ಬಿಡಿ. ಅರ್ಕಾವತ್ತು ಇರುವ ಪದಗಳನ್ನು ಕಣ್ಣಿಂದಲೇ ಓದಿ ತಿದ್ದಬೇಕು. ಆಡುರೂಪ ಒಂದು ಕಂಬಸಾಲಿನಲ್ಲಿ, ಗ್ರಾಂಥಿಕ ರೂಪ ಪಕ್ಕದ ಸಾಲಿನಲ್ಲಿ ಇರಲಿ. ಹುಬ್ಬೆ, ಪುಬ್ಬೆ, ಹುಬ್ಬ ಮೂರೂ ಒಂದೇ ಮಳೆ ಎಂದು ಯಂತ್ರಕ್ಕೆ ತಾನಾಗಿ ತಿಳಿಯದು.

ಪ್ರಶ್ನೆ: ಗಾದೆ ಹೇಳಿದ ರೈತರ ಹೆಸರು ಪ್ರಬಂಧದಲ್ಲಿ ಹಾಕಬಹುದೇ? (ಹಾವೇರಿಯ ಅದೇ ವಿದ್ಯಾರ್ಥಿನಿ)

ಕೇಳಿ ಹಾಕಿ. ಹೆಸರು ಬರಲಿ ಎನ್ನುವವರದು ಬರಲೇಬೇಕು, ಅದು ಅವರ ಹಕ್ಕು. ಬೇಡ ಎಂದವರಿಗೆ ಊರು, ವಯಸ್ಸು ಸಾಕು. ಅವರಿಂದ ನಾಟಿ ಬೀಜವನ್ನೂ ಪಡೆದಿದ್ದರೆ ಯಾರಿಂದ, ಯಾವ ಹೊಲದಿಂದ, ಎಷ್ಟು ಎಂದು ಅಂದೇ ಬರೆದಿಡಿ, ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ತಿಳಿಸಿ. ಪ್ರಬಂಧ ಮುಗಿದ ಮೇಲೆ ಆ ಊರಿನ ಗಾದೆ, ಮಳೆಪಟ್ಟಿ ಇರುವ ಪುಟಗಳನ್ನಾದರೂ ಅಚ್ಚು ಹಾಕಿಸಿ ಅವರ ಕೈಗೆ ಕೊಟ್ಟು ಬನ್ನಿ.